ಕಾನೂನು ಕೇಳಿ: ಮನೆ ಮೇಲೆ ಕೂತ ಕೋರ್ಟ್ ಸಾಲ ಇಳಿಸುವುದು ಹೇಗೆ?

ಈ ಸಲ ಬಂದ ಕಾಗದಗಳಲ್ಲಿ ಮೂರು ಒಂದೇ ವಿಷಯದವು. ಕೊಪ್ಪಳದ ಒಬ್ಬ ನಿವೃತ್ತ ಶಿಕ್ಷಕರು, ಕಂಪ್ಲಿಯ ಒಬ್ಬ ಹೆಣ್ಣುಮಗಳು, ಸಿಂಧನೂರು ತಾಲ್ಲೂಕಿನ ಒಬ್ಬ ರೈತರು ಬರೆದಿದ್ದಾರೆ. ಕೋರ್ಟಿನ ಕಾಗದ ಮನೆಯನ್ನು ಹಿಡಿದು ಕೂತಿದೆ, ಬಿಡಿಸಿಕೊಳ್ಳುವುದು ಹೇಗೆ ಅನ್ನುವುದೇ ಮೂವರ ಚಿಂತೆ. ಒಂದು ಮನೆ ಅಮೆರಿಕದಲ್ಲಿದೆ, ಇನ್ನೆರಡು ತುಂಗಭದ್ರೆಯ ಆಚೆ ಈಚೆ. ಜಮೀನು ಪೋಡಿ, ಖಾತೆ ಬದಲಾವಣೆ ಬಗ್ಗೆ ಕೇಳಿದವರು ದಯವಿಟ್ಟು ಮುಂದಿನ ಸಂಚಿಕೆವರೆಗೆ ಕಾಯಿರಿ. ಇವತ್ತಿನ ಜಾಗ ಈ ಮೂರಕ್ಕೇ ಬೇಕು.

ಪ್ರಶ್ನೆ: ಮೇಡಂ, ನಾನು ನಿವೃತ್ತ ಹೈಸ್ಕೂಲ್ ಶಿಕ್ಷಕ. ಮಗ ಅಮೆರಿಕದಲ್ಲಿ ಸ್ವಂತ ಮನೆ ಮಾಡಿಕೊಂಡಿದ್ದಾನೆ. ಸೊಸೆಯ ಆಪರೇಷನ್ ಬಿಲ್ಲು ಕಟ್ಟಲು ಆಗಲಿಲ್ಲ. ಆಸ್ಪತ್ರೆಯವರು ಕೇಸು ಹಾಕಿ 18,000 ಡಾಲರ್‌ಗೆ ತೀರ್ಪು ಪಡೆದರು. ಆಮೇಲೆ ಮಗನ ಕೆಲಸವೂ ಹೋಯಿತು. ಎರಡು ವರ್ಷದ ಹಿಂದೆ ಅವನು ಅಲ್ಲಿ ದಿವಾಳಿ ಅರ್ಜಿ ಹಾಕಿದ. ಚಾಪ್ಟರ್ 7 ಅಂತಾರಂತೆ. ಸಾಲ ಮಾಫಿ ಅಂತ ಆದೇಶ ಬಂತು, ಕೇಸು ಮುಗಿಯಿತು. ಈಗ ಮನೆ ಮಾರಲು ಹೋದರೆ ಆ 18,000 ಇನ್ನೂ ಮನೆಯ ದಾಖಲೆಯಲ್ಲಿ ಕೂತಿದೆ. ಮಾಫಿ ಆದ ಸಾಲ ಮನೆ ಮೇಲೆ ಉಳಿಯುವುದು ಹೇಗೆ? ಕುಷ್ಟಗಿ ಹತ್ತಿರ ನಮ್ಮ ಹೊಲ ಇದೆ. ಅದನ್ನು ಮಾರಿ ಕಟ್ಟಿಬಿಡೋಣ ಅಂದುಕೊಂಡಿದ್ದೇನೆ. ಮಗ ದಿವಾಳಿ ಎದ್ದ ಅಂತ ಇಲ್ಲಿ ಯಾರಿಗೂ ಹೇಳಿಲ್ಲ. ಹೆಸರು ಹಾಕಬೇಡಿ.
— ಕೊಪ್ಪಳ

ಉತ್ತರ: ಗುರುಗಳೇ, ಹೊಲ ಮಾರುವ ಮಾತನ್ನು ಸದ್ಯ ಪಕ್ಕಕ್ಕಿಡಿ. ಆ ಹಣ ಕಟ್ಟದೆಯೇ ಮನೆ ಬಿಡಿಸಿಕೊಳ್ಳುವ ದಾರಿ ನಿಮ್ಮ ಮಗನಿಗೆ ಇರುವ ಹಾಗೆ ಕಾಣುತ್ತದೆ. ನಾಚಿಕೆಯನ್ನೂ ಬಿಡಿ. ಹೆಂಡತಿಯ ಆಪರೇಷನ್‌ಗೆ ಮಾಡಿದ ಸಾಲ ಅದು, ಜೂಜಾಡಿ ಮಾಡಿದ್ದಲ್ಲ.

ನನ್ನ ಹತ್ತಿರ ಜೂನಿಯರ್ ಆಗಿದ್ದ ಹುಡುಗಿಯೊಬ್ಬಳು ಈಗ ಅಮೆರಿಕದಲ್ಲಿ ದಿವಾಳಿ ಕೇಸು ನಡೆಸುವ ಆಫೀಸಿನಲ್ಲಿದ್ದಾಳೆ. ನಿಮ್ಮ ಕಾಗದ ಬಂದ ರಾತ್ರಿಯೇ ಅವಳಿಗೆ ಫೋನ್ ಮಾಡಿ ಒಂದೊಂದಾಗಿ ಕೇಳಿಕೊಂಡೆ. ಅವಳು ಹೇಳಿದ ಮೊದಲ ಮಾತು, "ಮೇಡಂ, ನಮ್ಮ ಆಫೀಸಿಗೆ ವಾರಕ್ಕೊಬ್ಬರು ಇದೇ ತಪ್ಪು ತಿಳಿದು ಬರುತ್ತಾರೆ" ಅಂತ.

ಅಲ್ಲಿ ಬಹಳ ರಾಜ್ಯಗಳಲ್ಲಿ ತೀರ್ಪಿನ ಪ್ರತಿಯನ್ನು ಕೌಂಟಿಯ (ನಮ್ಮ ಜಿಲ್ಲೆ ಇದ್ದ ಹಾಗೆ) ದಾಖಲೆಗೆ ಏರಿಸಿದರೆ ಸಾಕು, ಆ ಕೌಂಟಿಯಲ್ಲಿರುವ ಸಾಲಗಾರನ ಮನೆ ಮೇಲೆ ಹಿಡಿತ ಕೂತುಬಿಡುತ್ತದೆ. ಅದಕ್ಕೆ ಜಡ್ಜ್‌ಮೆಂಟ್ ಲೀನ್ ಅಂತಾರೆ. ದಿವಾಳಿ ಆದೇಶ ಬಂದಾಗ ಮಾಫಿ ಆಗುವುದು ನಿಮ್ಮ ಮಗ ಕೈಯಿಂದ ಕಟ್ಟಬೇಕಾದ ಸಾಲ ಮಾತ್ರ. ಆ ಸಾಲಕ್ಕಾಗಿ ಇನ್ನು ಮುಂದೆ ಅವನ ಸಂಬಳಕ್ಕೆ, ಬ್ಯಾಂಕ್ ಖಾತೆಗೆ ಯಾರೂ ಕೈ ಹಾಕುವ ಹಾಗಿಲ್ಲ. ಮನೆ ಮೇಲಿನ ಹಿಡಿತ ಮಾತ್ರ ತಾನಾಗಿ ಬಿಡುವುದಿಲ್ಲ. ಎತ್ತಿನ ಕೊರಳಿನ ಹಗ್ಗ ಬಿಚ್ಚಿದರೂ ಮೂಗುದಾರ ಹಾಗೇ ಉಳಿದಂತೆ. ಮಾಫಿಯಿಂದ ಇಂಥ ಹಿಡಿತ ಅಳಿಯುವುದಿಲ್ಲ ಅನ್ನುವ ಮಾತನ್ನು ಅಲ್ಲಿನ ಸುಪ್ರೀಂ ಕೋರ್ಟ್ 1886ರಲ್ಲೇ ಹೇಳಿತ್ತು.

ಆ ಮೂಗುದಾರ ಬಿಚ್ಚಲು 1978ರ ಅವರ ದಿವಾಳಿ ಕಾಯ್ದೆಯಲ್ಲಿ ಬೇರೆಯೇ ಒಂದು ಅರ್ಜಿ ಇದೆ. ಸೆಕ್ಷನ್ 522ರ ಎಫ್ ಭಾಗ. ವಾಸದ ಮನೆಯಲ್ಲಿ ಇಷ್ಟು ಮೊತ್ತದ ಪಾಲು ಸಾಲಗಾರನಿಗೇ ಉಳಿಯಬೇಕು ಅಂತ ಅಲ್ಲಿ ಪ್ರತಿ ರಾಜ್ಯದಲ್ಲೂ ಒಂದು ಲೆಕ್ಕ ಇರುತ್ತದೆ. ಕೆಲವು ಕಡೆ ಕಡಿಮೆ, ಕೆಲವು ಕಡೆ ಬಹಳ ಜಾಸ್ತಿ. ಟೆಕ್ಸಾಸ್, ಫ್ಲಾರಿಡಾಗಳಲ್ಲಿ ಸಾಮಾನ್ಯವಾಗಿ ಬೆಲೆಗೆ ಮಿತಿಯೇ ಇಲ್ಲ, ಜಾಗದ ಅಳತೆಗೆ ಮಾತ್ರ ಮಿತಿ. ಈ ಉಳಿಕೆಯ ಪಾಲಿಗೆ ತೀರ್ಪಿನ ಹಿಡಿತ ಎಷ್ಟು ಅಡ್ಡ ಬರುತ್ತದೋ ಅಷ್ಟನ್ನು ಕೋರ್ಟ್ ಕಿತ್ತು ಹಾಕಬಹುದು.

ಲೆಕ್ಕ ನೋಡಿ. ಮನೆ ಬೆಲೆ 3,00,000 ಡಾಲರ್ ಅಂತಿಟ್ಟುಕೊಳ್ಳಿ. ಮನೆ ಕೊಳ್ಳಲು ತೆಗೆದ ಬ್ಯಾಂಕ್ ಸಾಲ 2,40,000 ಇದೆ. ಆ ರಾಜ್ಯದ ಉಳಿಕೆಯ ಪಾಲು 75,000. ತೀರ್ಪಿನ ಸಾಲ 18,000. ಮೂರನ್ನೂ ಕೂಡಿದರೆ 3,33,000. ಮನೆ ಬೆಲೆಗಿಂತ 33,000 ಜಾಸ್ತಿ ಆಯಿತು. ಈ ಜಾಸ್ತಿ 18,000ಕ್ಕಿಂತ ದೊಡ್ಡದು, ಹಾಗಾಗಿ 18,000 ಪೂರ್ತಿ ಹೋಗುತ್ತದೆ. ಉಳಿಕೆಯ ಪಾಲು 75,000 ಬದಲು 50,000 ಆಗಿದ್ದರೆ? ಮೊತ್ತ 3,08,000. ಆಗ 8,000 ಮಾತ್ರ ಹೋಗುತ್ತದೆ, 10,000 ಮನೆ ಮೇಲೆ ಉಳಿಯುತ್ತದೆ. ನೀವು ಗಣಿತ ಕಲಿಸಿದವರೋ ಕನ್ನಡ ಕಲಿಸಿದವರೋ ಗೊತ್ತಿಲ್ಲ. ಮಗನಿಗೆ ಫೋನ್ ಮಾಡಿ ಅವನ ಅಂಕಿಗಳನ್ನು ಕೇಳಿ, ಒಂದು ಹಾಳೆಯಲ್ಲಿ ನೀವೇ ಹಾಕಿ ನೋಡಿ. ಬೆಲೆ ಹಿಡಿಯಬೇಕಾದದ್ದು ದಿವಾಳಿ ಅರ್ಜಿ ಹಾಕಿದ ದಿನದ್ದು, ಇವತ್ತಿನದಲ್ಲ. ಎರಡು ವರ್ಷದಲ್ಲಿ ಮನೆ ಬೆಲೆ ಏರಿದ್ದರೆ ಆ ಏರಿಕೆ ಈ ಲೆಕ್ಕಕ್ಕೆ ಬರುವುದಿಲ್ಲ. ಇದು ನಿಮ್ಮ ಮಗನಿಗೆ ಒಳ್ಳೆಯದೇ. ಆದರೆ ಆ ದಿನ ಇಷ್ಟು ಬೆಲೆ ಇತ್ತು ಅನ್ನುವುದಕ್ಕೆ ಮೌಲ್ಯಮಾಪಕರ ವರದಿ ಬೇಕಾಗುತ್ತದೆ.

ಕೇಸು ಮುಗಿದಿದೆ ಅಂದಿರಿ. ಮುಚ್ಚಿದ ದಿವಾಳಿ ಕೇಸನ್ನು ಮತ್ತೆ ತೆರೆಸಬಹುದು. ಈ ಅರ್ಜಿಗೆ ಇಂತಿಷ್ಟೇ ದಿನ ಅಂತ ಕಾಯ್ದೆಯಲ್ಲಿ ಗಡುವಿಲ್ಲ. ಹಾಗಂತ ಸುಮ್ನೆ ಕೂರುವುದೂ ಬೇಡ. ತಡವಾದಷ್ಟೂ "ನಮಗೆ ನಷ್ಟವಾಯಿತು" ಅಂತ ಆಸ್ಪತ್ರೆಯವರು ತಕರಾರು ತೆಗೆಯಲು ಎಡೆಯಾಗುತ್ತದೆ. ಮನೆಯ ಮಾರಾಟ ಪತ್ರ ಆಗುವ ಮುಂಚೆಯೇ ಅರ್ಜಿ ಬೀಳಲಿ. ಆದೇಶ ಸಿಕ್ಕ ಮೇಲೆ ಅದರ ದೃಢೀಕೃತ ಪ್ರತಿಯನ್ನು ಕೌಂಟಿ ದಾಖಲೆಗೆ ಏರಿಸಬೇಕು. ಅಲ್ಲಿಯವರೆಗೆ ಕೊಳ್ಳುವವನ ಕಣ್ಣಿಗೆ ಹಳೆಯ 18,000 ಕಾಣುತ್ತಲೇ ಇರುತ್ತದೆ.

ಈ ದಾರಿ ಎಲ್ಲ ಹಿಡಿತಕ್ಕೂ ಇಲ್ಲ. ಮನೆಯನ್ನೇ ಅಡವಿಟ್ಟು ತೆಗೆದ ಸಾಲ, ಸರ್ಕಾರದ ತೆರಿಗೆ, ಹೆಂಡತಿ ಮಕ್ಕಳ ಜೀವನಾಂಶದ ತೀರ್ಪು ಇದರಲ್ಲಿ ಹೋಗುವುದಿಲ್ಲ. ಹಿಡಿತ ಕೂರುವ ಮುಂಚೆಯೇ ಮನೆ ಅವನದಾಗಿರಬೇಕು. ನಿಮ್ಮ ಮಗನದು ಆಸ್ಪತ್ರೆಯ ಹಣದ ತೀರ್ಪು. ತೀರ್ಪಿಗಿಂತ ಮುಂಚೆ ಮನೆ ಕೊಂಡಿದ್ದರೆ ತೊಡಕಿಲ್ಲ.

ಈಗ ನಾನು ನಿಮ್ಮನ್ನೇ ಒಂದು ಮಾತು ಕೇಳಬೇಕು. ಕುಷ್ಟಗಿ ಹೊಲ ನಿಮ್ಮ ಸ್ವಂತ ದುಡಿಮೆಯದೋ, ಹಿರಿಯರಿಂದ ಬಂದದ್ದೋ? ಸ್ವಂತ ಕೊಂಡದ್ದಾದರೆ ನೀವಿರುವ ತನಕ ಮಗನಿಗೆ ಅದರಲ್ಲಿ ಹಕ್ಕಿಲ್ಲ. ಪಿತ್ರಾರ್ಜಿತ ಆಗಿದ್ದರೆ ಹುಟ್ಟಿನಿಂದಲೇ ಅವನಿಗೆ ಪಾಲಿದೆ. ಅಮೆರಿಕದ ದಿವಾಳಿ ಅರ್ಜಿಯಲ್ಲಿ ಜಗತ್ತಿನ ಯಾವ ಮೂಲೆಯಲ್ಲಿ ಏನಿದ್ದರೂ ಬರೆಯಬೇಕು. ಊರ ಹೊಲದ ಪಾಲನ್ನು ಎಷ್ಟೋ ಮಂದಿ ಮಕ್ಕಳು ನೆನೆಸಿಕೊಳ್ಳುವುದೇ ಇಲ್ಲ. ಅದು ಅಪ್ಪನದು ಅಂತಲೇ ಅವರ ಮನಸ್ಸಿನಲ್ಲಿರುತ್ತದೆ. ನಿಮ್ಮ ಮಗ ಬರೆಯದೆ ಬಿಟ್ಟಿದ್ದರೆ, ಕೇಸು ಮತ್ತೆ ತೆರೆಸುವ ಮುಂಚೆ ತನ್ನ ವಕೀಲರಿಗೆ ಬಾಯಿಬಿಟ್ಟು ಹೇಳಲಿ. ತಾನಾಗಿ ತಿದ್ದಿಸಿದರೆ ಅದಕ್ಕೊಂದು ದಾರಿ ಇರುತ್ತದೆ. ಬೇಕಂತಲೇ ಬಚ್ಚಿಟ್ಟರೆ ಅಲ್ಲಿ ಅದು ಜೈಲಿನ ಅಪರಾಧ. ಈ ವಿಷಯ ತಿಳಿಯಾಗುವ ತನಕ ಹೊಲವನ್ನು ಯಾರಿಗೂ ಬರೆದುಕೊಡಬೇಡಿ.

ಪ್ರಶ್ನೆ: ಮೇಡಂ, ನನ್ನ ಗಂಡ ಕೈಸಾಲ ಮಾಡಿದ್ದರು. ಕೊಟ್ಟವರು ಕೋರ್ಟಿಗೆ ಹೋಗಿ 1,60,000 ರೂಪಾಯಿಗೆ ಡಿಕ್ರಿ (ಹಣ ಕಟ್ಟಿ ಅನ್ನುವ ಕೋರ್ಟಿನ ತೀರ್ಪು) ಮಾಡಿಸಿ ನಮ್ಮ ಮನೆ ಜಪ್ತಿ ಮಾಡಿಸಿದರು. ಗಂಡ ಮೂರು ಕಂತಿನಲ್ಲಿ ಎಲ್ಲ ಕಟ್ಟಿದರು. ಸಹಿ ಹಾಕಿದ ರಶೀದಿ ಇವೆ. ಎಂಟು ತಿಂಗಳ ಹಿಂದೆ ಅವರು ತೀರಿಕೊಂಡರು. ಸಾಲ ಕೊಟ್ಟವರು "ಎಲ್ಲ ಮುಗಿದಿದೆ ಬಿಡಮ್ಮ" ಅಂತಾರೆ. ಆದರೆ ಋಣಭಾರ ಪತ್ರದಲ್ಲಿ ಜಪ್ತಿ ಹಾಗೇ ಇದೆ. ಬ್ಯಾಂಕಿನವರು ಸಾಲ ಕೊಡುತ್ತಿಲ್ಲ.
— ಕಂಪ್ಲಿ

ಉತ್ತರ: ತಂಗಿ, ರಶೀದಿಗಳನ್ನು ಮೊದಲು ಎರಡು ಸೆಟ್ ಜೆರಾಕ್ಸ್ ಮಾಡಿಸಿ, ಮೂಲ ಪ್ರತಿ ಬೀಗದಲ್ಲಿಡಿ.

ಡಿಕ್ರಿ ಹಣವನ್ನು ಕೋರ್ಟಿನ ಹೊರಗೆ ಕೊಟ್ಟರೆ, ಅದು ಕೋರ್ಟಿನ ದಾಖಲೆಗೆ ಏರಬೇಕು. ಏರದೇ ಇದ್ದರೆ ಅಮಲ್ಜಾರಿ, ಅಂದರೆ ಡಿಕ್ರಿಯ ವಸೂಲಿ, ನಡೆಸುವ ಕೋರ್ಟು ಆ ಹಣ ಕೊಟ್ಟದ್ದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಸಿವಿಲ್ ಪ್ರೊಸೀಜರ್ ಕೋಡಿನ ಆರ್ಡರ್ 21, ರೂಲ್ 2 ಇದನ್ನು ಹೇಳುತ್ತದೆ. ಡಿಕ್ರಿ ಆದ ಮೇಲೆ ಅಮಲ್ಜಾರಿಗೆ 12 ವರ್ಷ ಸಮಯ ಇರುತ್ತದೆ. ಇವತ್ತು "ಬಿಡಮ್ಮ" ಅಂದವರು ನಾಳೆ ಇರದಿದ್ದರೆ, ಅವರ ಮಕ್ಕಳು ಅದೇ ಡಿಕ್ರಿ ಹಿಡಿದು ಬಂದರೆ ಏನು ಮಾಡುತ್ತೀರಿ? ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ಅವರ ಮನಸ್ಸು ಒಳ್ಳೆಯದಿರುವಾಗಲೇ ಕೆಲಸ ಮುಗಿಸಿಕೊಳ್ಳಿ ಅಂತ ಹೇಳುತ್ತಿದ್ದೇನೆ.

ಕೊಟ್ಟ ಹಣವನ್ನು ದಾಖಲೆಗೆ ಏರಿಸಿ ಅಂತ ಸಾಲ ಪಡೆದವರ ಕಡೆಯಿಂದ ಅರ್ಜಿ ಹಾಕಲು, ಹಣ ಕೊಟ್ಟ ದಿನದಿಂದ 30 ದಿನ ಮಾತ್ರ. ಆ ಗಡುವು ನಿಮಗೆ ದಾಟಿದೆ. ಡಿಕ್ರಿದಾರರು, ಅಂದರೆ ಡಿಕ್ರಿ ಪಡೆದ ಸಾಲ ಕೊಟ್ಟವರು, ತಾವೇ ಬಂದು "ನನ್ನ ಹಣ ಪೂರ್ತಿ ಬಂತು" ಅಂತ ಬರೆದುಕೊಟ್ಟರೆ ಅದಕ್ಕೆ ಆ ಗಡುವಿಲ್ಲ. ಅವರನ್ನು ಕರೆದುಕೊಂಡು ಕೋರ್ಟಿಗೆ ಹೋಗಿ, ಅವರ ವಕೀಲರ ಕೈಯಲ್ಲಿ ಒಂದು ಮೆಮೊ ಹಾಕಿಸಿ. ಪೂರ್ತಿ ಹಣ ಸಂದಾಯ ಆಯಿತು ಅಂತ ದಾಖಲಾದರೆ ಜಪ್ತಿ ಬಿದ್ದುಹೋಗುತ್ತದೆ. ಆ ಆದೇಶ ಉಪನೋಂದಣಿ ಕಚೇರಿಗೆ ಹೋಗುವಂತೆ ಕೇಳಿಕೊಳ್ಳಿ, ನೀವೂ ಒಂದು ದೃಢೀಕೃತ ಪ್ರತಿ ತೆಗೆದುಕೊಂಡು ಹೋಗಿ ಕೊಡಿ. ವಕೀಲರ ಫೀಸಿನ ಚಿಂತೆ ಬೇಡ. ಹೆಣ್ಣುಮಕ್ಕಳಿಗೆ ವರಮಾನ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತ. 15100ಕ್ಕೆ ಫೋನ್ ಮಾಡಿ.

ಪ್ರಶ್ನೆ: ಅಕ್ಕಾ, ನಮಸ್ಕಾರ. ನಮ್ಮದು ಸಿಂಧನೂರು ತಾಲ್ಲೂಕು. ಏಳು ಎಕರೆ ಗದ್ದೆ, ನಾನೂ ಮನೆಯವಳೂ ಮಗನೂ ಮಾಡುತ್ತೇವೆ. ಬೇರೆ ದುಡಿಮೆ ಇಲ್ಲ. ಗೊಬ್ಬರ, ಔಷಧಿ, ಕೈಗಡ ಅಂತ ದಲಾಲಿ ಅಂಗಡಿಯಲ್ಲಿ ಸಾಲ ಬೆಳೆಯಿತು. 2023ರ ಬರದಲ್ಲಿ ಕಾಲುವೆಯ ಕೊನೆಗಿರುವ ನಮಗೆ ನೀರು ಮುಟ್ಟಲಿಲ್ಲ. ಪ್ರಾಮಿಸರಿ ನೋಟಿನ ಮೇಲೆ ಕೇಸು ಹಾಕಿ 4,85,000ಕ್ಕೆ ಡಿಕ್ರಿ ಮಾಡಿಸಿದ್ದಾರೆ. ಸಮನ್ಸ್ ಬಂದಿತ್ತು, ಹೆದರಿ ನಾನು ಹೋಗಲಿಲ್ಲ. ಹೋದ ತಿಂಗಳು ಕೋರ್ಟಿನ ಅಮೀನರು ಬಂದು ಡಂಗುರ ಹೊಡೆಸಿ, ಬಾಗಿಲಿಗೆ ಜಪ್ತಿ ಕಾಗದ ಅಂಟಿಸಿ ಹೋದರು. ನಮ್ಮಪ್ಪ ಕಟ್ಟಿಸಿದ ಮನೆ. "ಐಪಿ (ದಿವಾಳಿ ಅರ್ಜಿ) ಹಾಕಿಬಿಡು, ಜಪ್ತಿ ಹಾರಿಹೋಗುತ್ತದೆ" ಅಂತ ಗೆಳೆಯರು ಅಂತಾರೆ. "ಹೆಂಡತಿ ಹೆಸರಿಗೆ ಬರೆ" ಅಂತ ಇನ್ನೊಬ್ಬರು. ಸಾಲ ಕೊಡುವಾಗ "ಮನೆ ಜಪ್ತಿಗೆ ತಕರಾರು ಮಾಡುವುದಿಲ್ಲ" ಅಂತ ನನ್ನಿಂದ ಬರೆಸಿಕೊಂಡಿದ್ದಾರೆ. ಮುಂದಿನ ತಿಂಗಳು 22ಕ್ಕೆ ತಾರೀಖು ಇದೆ. ರಾತ್ರಿ ನಿದ್ದೆ ಇಲ್ಲ ಅಕ್ಕಾ.

ಉತ್ತರ: ಅಣ್ಣಾ, ನಿಮ್ಮ ಕಾಗದವನ್ನು ಮೂರು ಸಲ ಓದಿದೆ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಸಿರುಗುಪ್ಪ ತಾಲ್ಲೂಕಿನ ನಮ್ಮೂರಲ್ಲಿ ನಮ್ಮ ಮನೆ ಮುಂದೆಯೂ ಡಂಗುರ ಹೊಡೆದಿತ್ತು. ಅಮೀನರು ಕಾಗದ ತಂದಿದ್ದರು, ಅಂಟು ತಂದಿರಲಿಲ್ಲ. ಅವ್ವನನ್ನೇ ಕೇಳಿದರು. ಅವ್ವ ಒಳಗೆ ಹೋಗಿ ಜೋಳದ ಹಿಟ್ಟಿನ ಗಂಜಿ ಕಾಸಿಕೊಂಡು ಬಟ್ಟಲಲ್ಲಿ ತಂದುಕೊಟ್ಟಳು. ನಮ್ಮ ಮನೆ ಜಪ್ತಿಯ ಕಾಗದವನ್ನು ನಮ್ಮ ಮನೆ ಗಂಜಿಯಿಂದಲೇ ಅಂಟಿಸಿದರು. ಅವರು ಕೆಟ್ಟವರಲ್ಲ, ಬಟ್ಟಲು ತೊಳೆದು ವಾಪಸ್ ಕೊಟ್ಟರು. ಗಾಳಿಗೆ ಆ ಕಾಗದ ಹರಿದು ಹೋಯಿತು. ಹಿಟ್ಟಿನ ಕಲೆ ಮಾತ್ರ ಬಾಗಿಲ ಮೇಲೆ ಬೆಳ್ಳಗೆ ಚೌಕವಾಗಿ ಉಳಿದಿತ್ತು. ಅದಕ್ಕೆ ಇರುವೆ ಹತ್ತುತ್ತಿದ್ದವು. ಆ ಕಲೆ ತೊಳೆಯಲು ಅವ್ವ ಕೈ ಎತ್ತಲಿಲ್ಲ. ಕೋರ್ಟಿನದು, ಮುಟ್ಟಿದರೆ ಏನಾದೀತೋ ಅಂತ ಹೆದರಿಕೆ.

ಮನೆ ಹರಾಜಾಯಿತು. ನಾವು ಅಜ್ಜಿಯ ಊರಿಗೆ ಹೋದೆವು. ಅಪ್ಪ ಮೂರೆಕರೆಯನ್ನು ತಾನೇ ಉಳುತ್ತಿದ್ದ ರೈತ. ಅದೇ ಮನೆಯಲ್ಲಿ ಇರುತ್ತಿದ್ದ. ಹತ್ತು ವರ್ಷ ಕಳೆದು ಲಾ ಕಾಲೇಜಿನಲ್ಲಿ ಸಿವಿಲ್ ಪ್ರೊಸೀಜರ್ ಕೋಡ್ ಓದುವಾಗ ಸೆಕ್ಷನ್ 60 ಬಂತು. ರೈತ ತಾನು ವಾಸ ಮಾಡುವ ಮನೆಯನ್ನು ಹಣದ ಡಿಕ್ರಿಗೆ ಜಪ್ತಿ ಮಾಡುವಂತಿಲ್ಲ ಅಂತ ಅದರಲ್ಲಿತ್ತು. ಆ ಕಾಯ್ದೆ 1908ರದು. ನಮ್ಮ ಬಾಗಿಲಿಗೆ ಗಂಜಿ ಬಳಿದ ದಿನವೂ ಅದು ಇತ್ತು. ಯಾರೂ ಕೋರ್ಟಿಗೆ ಹೋಗಿ ಹೇಳಲಿಲ್ಲ, ಅಷ್ಟೇ. ಅವತ್ತು ಹಾಸ್ಟೆಲಿನ ಮಾಳಿಗೆ ಮೇಲೆ ಕೂತು ಅತ್ತೆ. ಈ ಅಂಕಣ ಬರೆಯಲು ಒಪ್ಪಿಕೊಂಡದ್ದೂ ಆ ಒಂದು ಸೆಕ್ಷನ್ನಿಗಾಗಿ.

ಅಣ್ಣಾ, ನಿಮಗೆ ಐಪಿ ಬೇಡ. ನಿಮ್ಮ ಮನೆಗೆ ಬೇಕಾದ ರಕ್ಷಣೆ ಈಗಾಗಲೇ ಕಾಯ್ದೆಯಲ್ಲಿದೆ. ಆದರೆ ಜಡ್ಜ್ ಸಾಹೇಬರು ತಾವಾಗಿ "ಈತ ರೈತ, ಮನೆ ಬಿಡಿ" ಅನ್ನುವುದಿಲ್ಲ. ನೀವು ಹೇಳಬೇಕು, ಕಾಗದ ತೋರಿಸಬೇಕು, ಮನೆ ಹರಾಜಾಗುವ ಮುಂಚೆ ಹೇಳಬೇಕು. ಮೇಲೆ ಕೊಪ್ಪಳದ ಗುರುಗಳ ಮಗನಿಗೆ ಆದದ್ದೂ ಇದೇ ಅಲ್ವಾ? ಹಕ್ಕು ಇತ್ತು, ಅರ್ಜಿ ಹಾಕಿರಲಿಲ್ಲ.

ಸೆಕ್ಷನ್ 60, ಒಂದನೇ ಉಪಸೆಕ್ಷನ್, ಸಿ ಖಂಡ. ರೈತ, ಕೂಲಿಕಾರ, ಮನೆಗೆಲಸದವರು, ಈ ಮೂವರ ಸ್ವಂತ ವಾಸದ ಮನೆ, ಅದರ ಜಾಗ, ಅದಕ್ಕೆ ಹೊಂದಿಕೊಂಡು ಅದರ ಬಳಕೆಗೆ ಬೇಕಾದ ನೆಲ ಜಪ್ತಿಗೆ ಬರುವುದಿಲ್ಲ. ಮನೆ ಮಣ್ಣಿನದಾ, ಆರ್‌ಸಿಸಿಯದಾ ಅಂತ ಕಾಯ್ದೆ ಕೇಳುವುದಿಲ್ಲ. ಅಡುಗೆ ಪಾತ್ರೆ, ಹಾಸಿಗೆ, ಉಡುವ ಬಟ್ಟೆಗೂ ರಕ್ಷಣೆ ಇದೆ. ರೈತನ ಒಕ್ಕಲುತನದ ಸಾಮಾನು, ಬದುಕಿಗೆ ಬೇಕಾದಷ್ಟು ದನ, ಬಿತ್ತನೆ ಬೀಜಕ್ಕೂ ಇದೆ. "ತಕರಾರು ಮಾಡುವುದಿಲ್ಲ" ಅಂತ ನೀವು ಬರೆದುಕೊಟ್ಟ ಕಾಗದದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಈ ರಕ್ಷಣೆ ಬಿಟ್ಟುಕೊಡುತ್ತೇನೆ ಅನ್ನುವ ಯಾವ ಕರಾರೂ ಊರ್ಜಿತವಲ್ಲ ಅಂತ ಅದೇ ಸೆಕ್ಷನ್ ಹೇಳುತ್ತದೆ. ಸಾಲ ಬೇಕಾದಾಗ ಮನುಷ್ಯ ಯಾವ ಹಾಳೆಗಾದರೂ ಸಹಿ ಹಾಕುತ್ತಾನೆ. ಕಾಯ್ದೆ ಬರೆದವರಿಗೆ ಅದು ಗೊತ್ತಿತ್ತು.

ಎದುರಿನ ವಕೀಲರು ಎರಡು ಕಡೆ ಹಿಡಿಯುತ್ತಾರೆ. ಒಂದು, ನೀವು ನಿಜಕ್ಕೂ ರೈತರಾ? ಸ್ವತಃ ಸಾಗುವಳಿ ಮಾಡಬೇಕು, ಜೀವನ ಮುಖ್ಯವಾಗಿ ಹೊಲದ ವರಮಾನದಿಂದಲೇ ನಡೆಯಬೇಕು. ಮನೆಯವರು ದುಡಿದರೂ, ಕೂಲಿ ಕೊಟ್ಟು ಮಾಡಿಸಿದರೂ ಸ್ವತಃ ಮಾಡಿದ ಹಾಗೇ ಲೆಕ್ಕ. ಬೆಳೆಯಲ್ಲಿ ಪಾಲು ಕೊಟ್ಟು ಬೇರೆಯವರಿಂದ ಮಾಡಿಸಿದರೆ ಆ ಲೆಕ್ಕಕ್ಕೆ ಬರುವುದಿಲ್ಲ. ಏಳೆಕರೆಯಲ್ಲಿ ಯಾವುದಾದರೂ ತುಂಡನ್ನು ಪಾಲಿಗೆ ಹಾಕಿದ್ದರೆ ವಕೀಲರಿಗೆ ಮೊದಲೇ ಹೇಳಿಬಿಡಿ. ಎರಡು, ಆ ಮನೆಯಲ್ಲಿ ನೀವೇ ಇದ್ದೀರಾ? ಮನೆಯ ಮುಂದಿನ ಭಾಗವನ್ನು ಗೊಬ್ಬರದ ಅಂಗಡಿಗೆ ಬಾಡಿಗೆ ಕೊಟ್ಟಿದ್ದರೆ ಆ ಭಾಗಕ್ಕೆ ರಕ್ಷಣೆ ಕೇಳುವುದು ಕಷ್ಟ. ಮನೆಯನ್ನೇ ಬ್ಯಾಂಕಿಗೆ ಅಡವಿಟ್ಟು ಸಾಲ ತೆಗೆದಿದ್ದರೂ ಈ ಸೆಕ್ಷನ್ ಕೈ ಹಿಡಿಯುವುದಿಲ್ಲ. ನಿಮ್ಮ ಕಾಗದದಲ್ಲಿ ಹಾಗೇನೂ ಕಾಣಲಿಲ್ಲ.

ಹಾಗಾಗಿ ಈ ವಾರವೇ ಕಾಗದ ಕೂಡಿಸಿ. ಏಳೆಕರೆಯ ಪಹಣಿ, ಸಾಗುವಳಿ ಕಾಲಂ ಕಾಣುವ ಹಾಗೆ, ಹಿಂದಿನ ಐದಾರು ವರ್ಷದ್ದು. ಪಂಚಾಯ್ತಿ ಮನೆ ತೆರಿಗೆ ರಶೀದಿ, ಕರೆಂಟ್ ಬಿಲ್ಲು, ರೇಷನ್ ಕಾರ್ಡು. ಭತ್ತ ಮಾರಿದ ಚೀಟಿಗಳು. ಅದೇ ದಲಾಲಿ ಅಂಗಡಿಯ ಚೀಟಿ ಇದ್ದರೆ ಇನ್ನೂ ಒಳ್ಳೆಯದು. ನೀವು ಬೆಳೆದ ಭತ್ತವನ್ನು ತೂಕ ಹಾಕಿಸಿಕೊಂಡವರೇ "ಇವರು ರೈತರಲ್ಲ" ಅಂತ ಹೇಳಲು ಆಗುವುದಿಲ್ಲ. ಅಕ್ಕಪಕ್ಕದ ಹೊಲದವರು ಇಬ್ಬರು ಸಾಕ್ಷಿಗೆ ಬಂದರೆ ಬಲ ಬರುತ್ತದೆ. ಅಮಲ್ಜಾರಿ ನಡೆಸುತ್ತಿರುವ ಕೋರ್ಟಿಗೇ ಅರ್ಜಿ, ಸೆಕ್ಷನ್ 47 ಮತ್ತು 60ರ ಅಡಿ. ಅಲ್ಲಿ ಸೋತರೆ ರಾಯಚೂರು ಜಿಲ್ಲೆಯವರಿಗೆ ಹೈಕೋರ್ಟಿನ ಕಲಬುರಗಿ ಪೀಠ ಇದೆ.

ಐಪಿ ಬಗ್ಗೆ ಹೇಳಲೇಬೇಕು. ನಮ್ಮ ಕಡೆ ಐಪಿ ಹಾಕಿದ ಅಂದರೆ ಸಾಲ ಕೊಟ್ಟವರ ಬಾಯಿ ಮುಚ್ಚಿಸಿದ ಅಂತಲೇ ಅರ್ಥ ಮಾಡಿಕೊಂಡಿದ್ದಾರೆ. ಐಪಿ ಅಂದರೆ ಇನ್ಸಾಲ್ವೆನ್ಸಿ ಪಿಟಿಷನ್, ದಿವಾಳಿ ಅರ್ಜಿ. 2016ರಲ್ಲಿ ಹೊಸ ದಿವಾಳಿ ಕಾಯ್ದೆ ಬಂದರೂ, ವ್ಯಕ್ತಿಗಳ ಭಾಗವನ್ನು 2019ರ ಡಿಸೆಂಬರ್ 1ರಿಂದ ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ ಜಾರಿ ಮಾಡಿದ್ದಾರೆ. ನಿಮ್ಮಂಥವರಿಗೆ ಇನ್ನೂ 1920ರ ಹಳೆಯ ಕಾಯ್ದೆಯೇ. ಆಸ್ತಿ ಮೇಲೆ ಜಪ್ತಿ ಇದ್ದರೆ ಆ ಕಾರಣಕ್ಕೇ ಅರ್ಜಿ ಹಾಕಬಹುದು ಅನ್ನುವುದು ನಿಜ. ದಿವಾಳಿ ಅಂತ ಆದೇಶವಾದರೆ ಜಪ್ತಿ ಮಾಡಿಸಿದವರ ಕೈ ಕಟ್ಟುತ್ತದೆ ಅನ್ನುವುದೂ ನಿಜ. ಗೆಳೆಯರು ನಿಮಗೆ ಹೇಳದೆ ಬಿಟ್ಟದ್ದು ಮುಂದಿನದು. ಆ ದಿನದಿಂದ ನಿಮ್ಮ ಆಸ್ತಿ ನಿಮ್ಮದಲ್ಲ. ಕೋರ್ಟಿಗೆ ಅಥವಾ ಕೋರ್ಟ್ ನೇಮಿಸಿದ ರಿಸೀವರ್‌ಗೆ ಸೇರುತ್ತದೆ. ಅವರು ಮಾರಿ ಸಾಲ ಕೊಟ್ಟವರೆಲ್ಲರಿಗೂ ಹಂಚುತ್ತಾರೆ. ನಿಮ್ಮ ಏಳೆಕರೆ ಅದರಲ್ಲಿ ಹೋಗುತ್ತದೆ. ಮನೆ ಉಳಿಯುತ್ತದಾ ಅಂದರೆ, ಉಳಿಯುತ್ತದೆ. ಸೆಕ್ಷನ್ 60ರಲ್ಲಿ ರಕ್ಷಣೆ ಇರುವ ಆಸ್ತಿಯನ್ನು ಆ ಕಾಯ್ದೆಯೂ ಹೊರಗಿಡುತ್ತದೆ. ಅಂದರೆ ಐಪಿ ಹಾಕಿದರೂ ಮನೆ ಉಳಿಸುವುದು ಇದೇ ಸೆಕ್ಷನ್. ಹಾಗಿದ್ದ ಮೇಲೆ ಗದ್ದೆಯನ್ನು ಯಾಕೆ ಕೈಯಾರೆ ಒಪ್ಪಿಸುವುದು?

ಐಪಿ ಯಾರಿಗೂ ಬೇಡ ಅಂತ ನಾನು ಹೇಳುವುದಿಲ್ಲ. ಹತ್ತಾರು ಕಡೆ ಸಾಲವಾಗಿ, ಆಸ್ತಿ ಏನೂ ಉಳಿಯದೆ, ದಿನಾ ಮನೆ ಮುಂದೆ ಜನ ನಿಲ್ಲುವ ಪೇಟೆ ವ್ಯಾಪಾರಿಗೆ ಅದು ಉಸಿರಾಡಲು ದಾರಿ. ನಿಮ್ಮದು ಒಂದು ಡಿಕ್ರಿ, ಒಂದು ಸೊಸೈಟಿ ಸಾಲ ಅಂತಿದ್ದರೆ ಆ ದಾರಿ ನಿಮ್ಮದಲ್ಲ.

ಹೆಂಡತಿ ಹೆಸರಿಗೆ ಬರೆಯುವ ಮಾತನ್ನು ಇವತ್ತೇ ಮರೆತುಬಿಡಿ. ಜಪ್ತಿ ಆದ ಮೇಲೆ ಮಾಡಿದ ಪರಭಾರೆ ಡಿಕ್ರಿದಾರರ ಎದುರು ನಿಲ್ಲುವುದಿಲ್ಲ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಸೆಕ್ಷನ್ 60 ಕೇಳಲು ಮನೆ ನಿಮ್ಮದಾಗಿರಬೇಕು. ಬರೆದುಕೊಟ್ಟು ಕೋರ್ಟಿಗೆ ಹೋದರೆ, ಮನೆಯೂ ನಿಮ್ಮದಲ್ಲ, ಮೋಸ ಮಾಡಲು ಹೊರಟವನು ಅನ್ನುವ ಹೆಸರೂ ನಿಮ್ಮದು.

ಮನೆ ಬಿಟ್ಟಿತು ಅಂದ ಮಾತ್ರಕ್ಕೆ ಸಾಲ ತೀರಲಿಲ್ಲ. ಮುಂದೆ ಅವರು ಗದ್ದೆ ಮೇಲೆ ಬರಬಹುದು, ಅದಕ್ಕೆ ಈ ರಕ್ಷಣೆ ಇಲ್ಲ. ಆದ್ದರಿಂದ ಮನೆಯ ಅರ್ಜಿ ಹಾಕಿದ ಮೇಲೆ ಲೋಕ ಅದಾಲತ್‌ಗೆ ಕೇಸು ಇಡಲು ಕೇಳಿ. ಮನೆ ಕೈಗೆ ಸಿಗುವುದಿಲ್ಲ ಅಂತ ಗೊತ್ತಾದ ದಲಾಲರು ಮಾತಿಗೆ ಬರುತ್ತಾರೆ, ನಾನು ಬಹಳ ಸಲ ನೋಡಿದ್ದೇನೆ. ಸುಗ್ಗಿಗಿಷ್ಟು ಅಂತ ಕಂತು ಮಾಡಿಕೊಳ್ಳಿ. ಕಟ್ಟಲಾಗುವಷ್ಟೇ ಒಪ್ಪಿಕೊಳ್ಳಿ. ಲೋಕ ಅದಾಲತ್‌ನಲ್ಲಿ ಆದ ರಾಜಿಯ ಮೇಲೆ ಅಪೀಲು ಇಲ್ಲ. ಕಟ್ಟಿದ ಪ್ರತಿ ಕಂತನ್ನೂ ಕೋರ್ಟಿನ ದಾಖಲೆಗೆ ಏರಿಸಿ, ಕಂಪ್ಲಿಯ ತಂಗಿಗೆ ಆದದ್ದು ನಿಮಗೆ ಆಗದಿರಲಿ.

ಸಮನ್ಸಿಗೆ ಹೆದರಿ ಹೋಗಲಿಲ್ಲ ಅಂದಿರಿ. ಸಾಲ ಕೊಟ್ಟವರಿಗೆ ಲೇವಾದೇವಿ ಲೈಸೆನ್ಸ್ ಇತ್ತಾ, ಬಡ್ಡಿ ಎಷ್ಟು ಹಾಕಿದ್ದರು ಅನ್ನುವುದನ್ನೆಲ್ಲ ಅಲ್ಲಿ ಕೇಳಬಹುದಿತ್ತು. ಆ ಬಾಗಿಲು ಈಗ ಹೆಚ್ಚುಕಡಿಮೆ ಮುಚ್ಚಿದೆ. ಬೈಯುತ್ತಿಲ್ಲ ಅಣ್ಣಾ, ನಮ್ಮಪ್ಪನೂ ಹೋಗಿರಲಿಲ್ಲ.

22ಕ್ಕೆ ಬೆಳಿಗ್ಗೆ ಹತ್ತೂವರೆಗೆಲ್ಲ ಕೋರ್ಟಿನಲ್ಲಿರಿ. ಅದಕ್ಕೂ ಒಂದು ವಾರ ಮುಂಚೆ, ಸಿಂಧನೂರಿನ ಕೋರ್ಟ್ ಆವರಣದಲ್ಲೇ ಇರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ವಕೀಲರನ್ನು ಕೇಳಿ. ಮನೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಪಹಣಿ ಚೀಲ ಅವರ ಕೈಯಲ್ಲಿರಲಿ. ಬಾಗಿಲಿಗೆ ಅಂಟಿಸಿದ ಕಾಗದದ ಫೋಟೋ ಮೊಬೈಲಿನಲ್ಲಿ ತೆಗೆದುಕೊಳ್ಳಿ, ಅದರಲ್ಲಿ ಕೇಸಿನ ನಂಬರ್ ಇರುತ್ತದೆ. ಜಪ್ತಿ ತೆಗೆದ ಆದೇಶ ಕೈಗೆ ಬಂದ ದಿನ ಆ ಬಾಗಿಲು ತೊಳೆಯಿರಿ. ಬಿಸಿನೀರು ಹಾಕಿ ಸ್ವಲ್ಪ ಹೊತ್ತು ನೆನೆಯಲು ಬಿಟ್ಟರೆ ಅಂಟು ಬಿಡುತ್ತದೆ. ತೊಳೆದ ಮೇಲೆ ನನಗೊಂದು ಕಾಗದ ಬರೆಯಿರಿ.